ತೂತು ಬೀಳದ ರೂಪಾಯಿ

ಕಮಲಾಕರ ರಾಯರ ಬಾಯಲ್ಲಿ ಬರುತ್ತಿದ್ದ ಅತಿ ದೊಡ್ಡ ಬೈಗುಳ ‘ಕೊಲೆಗಾರ’. ಅದನ್ನು ಅವರು ನಾಣ್ಯಕ್ಕೆ ತೂತು ಹಾಕಿಸಿದವರಿಗೆ ಮಾತ್ರ ಮೀಸಲಿಟ್ಟಿದ್ದರು. ನೀರಿನ ಲಾರಿ ಬಂದಾಗ ಸಾಲು ತಪ್ಪಿಸಿ ನುಗ್ಗಿದವರಿಗೆ, ಮೀಟರ್ ಹಾಕದ ಆಟೋದವರಿಗೆ, ಮನೆ ಮುಂದೆ ಕಸ ಸುರಿದವರಿಗೆ ‘ಪಾಪ, ಅವರಿಗೇನು ಕಷ್ಟವೋ’ ಎಂದು ಬಿಟ್ಟುಬಿಡುತ್ತಿದ್ದರು. ನನ್ನನ್ನು ಮಾತ್ರ ಮೊದಲ ಭೇಟಿಯಲ್ಲೇ ಕೊಲೆಗಾರ್ತಿ ಎಂದರು.

ನಾವು ಆಗಷ್ಟೇ ಚೆನ್ನೈನ ತಿರುವಲ್ಲಿಕ್ಕೇಣಿಯ ಆ ಮನೆಯ ಕೆಳಗಿನ ಪೋರ್ಷನ್‌ಗೆ ಬಂದಿದ್ದೆವು. ಮೇಲಿನ ಪೋರ್ಷನ್ ಅವರದು. ಹಾಲು ಉಕ್ಕಿಸಿದ ದಿನ ರಾಯರು, ಅವರ ಹೆಂಡತಿ ಜಾನಕಮ್ಮ, ಮಗಳು ಮಾನ್ಯಾ ಮೂವರೂ ಕೆಳಗಿಳಿದು ಬಂದರು. ಕನ್ನಡದವರು ಸಿಕ್ಕರಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ರಾಯರು ಮಾತ್ರ ಕುಳಿತಾಗಿನಿಂದ ನನ್ನ ಕುತ್ತಿಗೆಯನ್ನೇ ನೋಡುತ್ತಿದ್ದರು. ನಮ್ಮ ಯಜಮಾನರು ಒಮ್ಮೆ ಕೆಮ್ಮಿದರು. ಆಮೇಲೆ ತಿಳಿಯಿತು, ಅವರು ನೋಡುತ್ತಿದ್ದದ್ದು ನನ್ನ ಸರದಲ್ಲಿ ತೂಗುತ್ತಿದ್ದ ನಮ್ಮಜ್ಜಿಯ ಕಾಲದ ಬೆಳ್ಳಿ ರೂಪಾಯಿಯನ್ನು. ಅಂಗಡಿಯವನು ಅದರ ನೆತ್ತಿಗೆ ತೂತು ಕೊರೆದು ಕೊಂಡಿ ಸಿಕ್ಕಿಸಿದ್ದ. ನೂರು ವರ್ಷ ಬದುಕಿದ ನಾಣ್ಯವನ್ನು ಒಂದು ಗಳಿಗೆಯಲ್ಲಿ ಕೊಂದುಬಿಟ್ಟಿರಲ್ಲ ತಾಯಿ ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು. ನನಗೆ ಬಾಯಿ ಸ್ವಲ್ಪ ಜಾಸ್ತಿ. ಕಿವಿಗೂ ಮೂಗಿಗೂ ತೂತು ಹಾಕಿಸಿಕೊಂಡೇ ನಾವು ಬದುಕಿದ್ದೇವೆ, ನಿಮ್ಮ ರೂಪಾಯಿಗೇನು ಅಷ್ಟು ನಾಜೂಕು ಎಂದೆ. ಜಾನಕಮ್ಮ ಸೆರಗಿನಲ್ಲಿ ನಕ್ಕರು. ನಮ್ಮಿಬ್ಬರ ಸ್ನೇಹ ಕುದುರಿದ್ದು ಅಲ್ಲಿಂದಲೇ.

ರಾಯರು ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಪ್ರೆಷರ್ ಗೇಜುಗಳನ್ನು ಬಿಚ್ಚಿ ಸರಿಮಾಡುವ ಕೆಲಸದಲ್ಲಿದ್ದು, ಎರಡು ಸಾವಿರದ ಇಸವಿ ಹತ್ತಿರವಾದಾಗ ಸ್ವಯಂ ನಿವೃತ್ತಿ ತೆಗೆದುಕೊಂಡವರು. ನಿವೃತ್ತರಾದವರು ಬೀಚಿನಲ್ಲಿ ವಾಕಿಂಗ್ ಹೋಗುತ್ತಾರೆ, ಸಭಾಗಳಲ್ಲಿ ಪ್ರವಚನ ಕೇಳುತ್ತಾ ತೂಕಡಿಸುತ್ತಾರೆ. ಇವರು ಹಳೆಯ ನಾಣ್ಯಗಳಿಗೆ ಒಡವೆಯ ವೇಷ ಹಾಕತೊಡಗಿದರು. ಅವರ ಶಾಸ್ತ್ರ ಕಟ್ಟುನಿಟ್ಟು: ತೂತು ಕೂಡದು, ಬೆಸುಗೆ ತಾಗಕೂಡದು, ಅಂಟು ಕೂಡದು, ಉಜ್ಜಕೂಡದು. ನಾಣ್ಯದ ಅಂಚಿನ ಅಳತೆಗೆ ಸರಿಯಾಗಿ ಬೆಳ್ಳಿಯ ತೆಳು ಬಳೆಯೊಂದನ್ನು ಮಾಡುತ್ತಿದ್ದರು. ಒಳಮೈಯಲ್ಲಿ ಸಣ್ಣ ತೋಡು, ಮೇಲ್ಗಡೆ ಒಂದು ಸೀಳು, ಸೀಳಿನ ಎರಡು ಬದಿಗೂ ಎರಡು ಪುಟ್ಟ ಕಿವಿ. ಬೆಂಕಿಯ ಕೆಲಸವೆಲ್ಲ ಮುಗಿದು ಬಳೆ ತಣ್ಣಗಾದ ಮೇಲೆಯೇ ನಾಣ್ಯದ ಗೃಹಪ್ರವೇಶ. ಬೆಳ್ಳಿಗೆ ಬೆಳ್ಳಿ ಉಜ್ಜಬಾರದೆಂದು ನಡುವೆ ತೊಳೆದ ಹಾಲಿನ ಪ್ಯಾಕೆಟ್ಟಿನ ತೆಳ್ಳನೆಯ ಪಟ್ಟಿ. ಕೊನೆಗೆ ಎರಡು ಕಿವಿಗಳನ್ನೂ ಸೇರಿಸಿ ಕನ್ನಡಕದ ಸ್ಕ್ರೂ ಒಂದನ್ನು ತಿರುಗಿಸಿದರೆ ಆಯಿತು. ಬೇಡವೆಂದಾಗ ಸ್ಕ್ರೂ ಬಿಚ್ಚಿದರೆ ನಾಣ್ಯ ಹೋದ ಹಾಗೇ ಹೊರಗೆ ಬರುತ್ತಿತ್ತು.

ಈ ಕೆಲಸಕ್ಕೆ ಗಿರಾಕಿಗಳೂ ಹುಟ್ಟಿಕೊಂಡರು. ಆದರೆ ಗಿರಾಕಿಗಿಂತ ನಾಣ್ಯದ ಮೇಲೆ ಪ್ರೀತಿ ಹೆಚ್ಚಾದರೆ ವ್ಯಾಪಾರ ನಡೆಯುತ್ತದೆಯೇ? ಕೋಡಂಬಾಕ್ಕಂನಿಂದ ಒಮ್ಮೆ ಸಿನಿಮಾ ವೇಷಭೂಷಣದ ಗಂಗಾಧರ ಎಂಬಾತ ಬಂದು, ರಾಣಿ ಪಾತ್ರಕ್ಕೆ ಕಾಸಿನ ಸರ ಬೇಕು, ನಾಳೆಯೇ ಬೇಕು, ಅಂಟಿಸಿಯಾದರೂ ಕೊಡಿ ಎಂದ. ರಾಯರು ಅವನಿಗೆ ಕಾಫಿ ಕೊಡಿಸಿ, ಅಂಟು ಏಕೆ ಪಾಪ ಎಂಬುದನ್ನು ಮಧ್ಯಾಹ್ನದ ಊಟದ ಹೊತ್ತಿನವರೆಗೆ ವಿವರಿಸಿದರು. ಅವನು ಊಟವನ್ನೂ ಮಾಡಿ, ಸರ ಇಲ್ಲದೆ ಹೋದ. ಆ ರಾಣಿ ತಗಡಿನ ಕಾಸು ಹಾಕಿಕೊಂಡು ರಾಜ್ಯವಾಳಿದಳಂತೆ.

ಇಂಥವರಿಗೆ ದೇವರು ಜೋಡಿ ಮಾಡಿದ್ದು ಜಾನಕಮ್ಮನನ್ನು. ಆಕೆಯ ಶಾಸ್ತ್ರವೂ ಅಷ್ಟೇ ಕಟ್ಟುನಿಟ್ಟು, ಆದರೆ ನೇರ ಎದುರು ದಿಕ್ಕಿನದು. ಹೊರಗಿನಿಂದ ಬಂದ ಲೋಹದ ಸಾಮಾನು ಯಾವುದೇ ಇರಲಿ, ಹುಣಸೆಹಣ್ಣು ಹಾಕಿ ತಿಕ್ಕದೆ ಒಳಗೆ ಬಿಡುತ್ತಿರಲಿಲ್ಲ. ಚೊಂಬಾದರೂ ಸರಿ, ಬೀಗದ ಕೈಯಾದರೂ ಸರಿ. ಒಮ್ಮೆ ರಾಯರು ಕಾಸಿಮೇಡಿನ ಮೀನಿನ ಹರಾಜಿನವನೊಬ್ಬನಿಂದ ಹಳೆಯ ತಾಮ್ರದ ಕಾಸೊಂದನ್ನು ಕೊಂಡು ತಂದು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಅದು ಬಂದ ಜಾಗದ ಹೆಸರು ಜಾನಕಮ್ಮನ ಕಿವಿಗೆ ಬಿದ್ದಿತ್ತು, ವಾಸನೆ ಮೂಗಿಗೂ ಬಂದಿತ್ತು. ರಾಯರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಾಸು ಫಳಫಳ ಹೊಳೆಯುತ್ತಿತ್ತು. ಕಾಲ ಕೂಡಿಸಿದ ಕಂದು ಬಣ್ಣವೆಲ್ಲ ಮೋರಿಯ ಪಾಲು. ನಾಣ್ಯದ ಮೈಮೇಲಿನ ಮಾಸಲು ಅದರ ಚರ್ಮ ಇದ್ದ ಹಾಗೆ ಎಂದು ರಾಯರು, ಮೀನಿನ ಕೈ ಮುಟ್ಟಿದ್ದನ್ನು ದೇವರ ಮನೆಯ ಪಕ್ಕ ಇಡಲೇ ಎಂದು ಜಾನಕಮ್ಮ. ಆ ವಾರವಿಡೀ ಗಂಡ ಹೆಂಡತಿ ನನ್ನ ಮೂಲಕವೇ ಮಾತಾಡಿದರು. ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವುದಕ್ಕೂ ನಾನೇ ಮೆಟ್ಟಿಲು ಹತ್ತಬೇಕಾಯಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಊರಿನ ಹೆಂಗಸರೆಲ್ಲ ರಾಯರ ಪದಕ ಹಾಕಿಕೊಂಡರೂ ಜಾನಕಮ್ಮ ಒಂದನ್ನೂ ಮುಟ್ಟಲಿಲ್ಲ. ಕೇಳಿದರೆ, ಕಾಸು ತೂಗಿಹಾಕೋಕೆ ನಾನೇನು ದೇವಸ್ಥಾನದ ಹುಂಡೀನಾ ಎನ್ನುತ್ತಿದ್ದರು. ರಾಯರು ನಗುತ್ತಿದ್ದರು. ನೋವಾಗುತ್ತಿತ್ತು ಎಂಬುದು ನನಗೆ ಗೊತ್ತು, ಏಕೆಂದರೆ ಹೊಸ ಪದಕ ಮುಗಿದಾಗಲೆಲ್ಲ ಅದನ್ನು ಮೊದಲು ಹೆಂಡತಿಯ ಕಣ್ಣಿಗೆ ಬೀಳುವ ಕಡೆ ಇಟ್ಟು, ಪೇಪರ್ ಓದುವವರಂತೆ ಕಾಯುತ್ತಿದ್ದರು.

ಹೀಗಿರುವಾಗ ಮಾನ್ಯಾಳ ಮದುವೆ ಗೊತ್ತಾಯಿತು. ಜಾನಕಮ್ಮ ಒಂದು ಸಂಜೆ ದೇವರ ಮಂಟಪದಿಂದ ತಮ್ಮ ಲಕ್ಷ್ಮಿಯನ್ನು ತಂದು ಗಂಡನ ಮುಂದೆ ಇಟ್ಟರು. ಲಕ್ಷ್ಮಿ ಎಂದರೆ ವಿಗ್ರಹವಲ್ಲ, ಒಂದು ಬೆಳ್ಳಿ ರೂಪಾಯಿ. ಅವರ ತಾಯಿ ಕುಂಭಕೋಣದ ಲೀಲಮ್ಮ ಮಗಳ ಮದುವೆಯಲ್ಲಿ ಕೊಟ್ಟದ್ದು. ಒಂದು ಮುಖದ ಮೇಲೆ ಕುಂಕುಮ ದಪ್ಪಗೆ ಕಟ್ಟಿ, ಗಟ್ಟಿಯಾಗಿ, ಕೆಂಪು ಮೊಗ್ಗಿನ ಹಾಗೆ ಉಬ್ಬಿತ್ತು. ಒಳಗಿನ ಅಚ್ಚು ಏನೆಂದು ನಾವ್ಯಾರೂ ನೋಡಿರಲಿಲ್ಲ. ಪ್ರತಿ ಶುಕ್ರವಾರ ಅದಕ್ಕೆ ಹೂವು, ಆರತಿ, ಹಾಲು ಸಕ್ಕರೆಯ ನೈವೇದ್ಯ. ಆ ಮನೆಯಲ್ಲಿ ಹುಣಸೆಹಣ್ಣು ಮುಟ್ಟದೆ ಉಳಿದ ಲೋಹ ಅದೊಂದೇ. ಲೀಲಮ್ಮ ಈಗ ಇಲ್ಲ. ಧಾರೆಯ ಹೊತ್ತಿಗೆ ಅಜ್ಜಿಯ ಲಕ್ಷ್ಮಿ ಮಾನ್ಯಾಳ ಕೊರಳಲ್ಲಿ ಇರಬೇಕು, ಆಮೇಲೆ ಅವಳ ಮನೆಯಲ್ಲಿ ಪೂಜೆಗೆ ಕೂರಬೇಕು ಎಂಬುದು ಜಾನಕಮ್ಮನ ಆಸೆ.

“ಹೋದ ಹಾಗೇ ಬರಬೇಕು,” ಎಂದಷ್ಟೇ ಅವರು ಹೇಳಿದ್ದು.

ರಾಯರಿಗೆ ಅಂದು ನೆಲ ಕಾಣಲಿಲ್ಲ. ಮದುವೆಯಾಗಿ ಅಷ್ಟು ವರ್ಷಕ್ಕೆ ಹೆಂಡತಿ ಮೊದಲ ಸಲ ತನ್ನದೊಂದು ನಾಣ್ಯವನ್ನು ನಂಬಿ ಕೊಟ್ಟಿದ್ದಳು. ನಮ್ಮ ಮನೆಗೆ ಬಂದು ನನಗೂ ನಮ್ಮ ಯಜಮಾನರಿಗೂ ಪ್ರತ್ಯೇಕವಾಗಿ ಹೇಳಿ ಹೋದರು. ಬಳೆಯನ್ನು ಮಾಡಿ, ಮತ್ತೆ ಕೆಡಿಸಿ, ಮತ್ತೆ ಮಾಡಿದರು. ಆದರೆ ಒಂದು ತೊಡಕು ಎದುರಾಯಿತು. ಕುಂಕುಮ ಅಂಚಿಗೂ ಇಳಿದು ಗಟ್ಟಿಯಾಗಿದ್ದರಿಂದ ನಾಣ್ಯ ತೋಡಿನಲ್ಲಿ ಕೂರುತ್ತಿರಲಿಲ್ಲ. ಕೂರಿಸಿದರೂ ಬೆವರಿಗೆ ಕೆಂಪು ಇಳಿದು ಮಗಳ ಧಾರೆ ಸೀರೆ ಹಾಳಾಗುತ್ತಿತ್ತು. ರಾಯರು ಬಹಳ ಯೋಚಿಸಿದರು. ನಾಣ್ಯದ ಮಾಸಲು ಬೇರೆ, ಮೇಲೆ ಕೂತ ಕುಂಕುಮ ಬೇರೆ, ಮೊದಲನೆಯದು ಚರ್ಮ, ಎರಡನೆಯದು ಬರೀ ಕೊಳೆ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಮೆಕ್ಯಾನಿಕ್ ಅಂಗಡಿಯಿಂದ ತಂದು, ಉಗುರುಬೆಚ್ಚಗೆ ಮಾಡಿ, ನಾಣ್ಯವನ್ನು ನೆನೆಹಾಕಿದರು. ಬಟ್ಟೆಯಿಂದಲೂ ಉಜ್ಜಲಿಲ್ಲ. ನೀರು ಬದಲಿಸುತ್ತಾ ಕಾದರು. ಕುಂಕುಮ ತಾನಾಗಿ ಬಿಟ್ಟುಕೊಂಡಿತು.

ಶುಕ್ರವಾರ ಬೆಳಿಗ್ಗೆ ನಾನು ಮೇಲೆ ಹೂವು ಕೊಡಲು ಹೋಗಿದ್ದೆ. ಜಾನಕಮ್ಮ ಮಡಿಯುಟ್ಟು ಮಂಟಪದ ಮುಂದೆ ಕೂತಿದ್ದರು. ರಾಯರು ಮಡಿಗೆ ತಾಗದಂತೆ ದೂರದಿಂದಲೇ ಪದಕವಿದ್ದ, ಹತ್ತಿ ಹಾಸಿದ ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಸರಿಸಿದರು. ಮಾನ್ಯಾ ಹಲ್ಲುಜ್ಜುತ್ತಾ ಬಂದು ಅಮ್ಮನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಆ ಹುಡುಗಿಗೆ ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲಿ ಉತ್ತರ ಕೊಟ್ಟೇ ಅಭ್ಯಾಸ.

“ಯಾರ್ ಮಾ ಇಂದ ತಾತಾ?” ಎಂದಳು, ಯಾರಮ್ಮ ಈ ತಾತ ಎಂದು.

ನಾನೂ ಬಗ್ಗಿದೆ. ಚೆಂದದ ಬೆಳ್ಳಿ ಬಳೆಯ ನಡುವೆ ಬೋಳುತಲೆಯ, ಗಡ್ಡ ಮೀಸೆಯ ಮುದುಕನೊಬ್ಬ ಪಕ್ಕಕ್ಕೆ ತಿರುಗಿಕೊಂಡು ಕೂತಿದ್ದ. ಸಾವಿರದ ಒಂಬೈನೂರ ಏಳನೇ ಇಸವಿ, ಏಳನೇ ಎಡ್ವರ್ಡ್ ದೊರೆ, ಒಂದು ಗೀರೂ ಇಲ್ಲ, ಒಂದು ಕೂದಲೂ ಸವೆದಿಲ್ಲ ಎಂದು ರಾಯರು ಸಂಭ್ರಮದಿಂದ ಹೇಳಿದರು. ಇಷ್ಟು ವರ್ಷ ಈ ಗಡ್ಡಕ್ಕೆ ಹಾಲು ಸಕ್ಕರೆ ತಿನ್ನಿಸಿ, ಸೌಭಾಗ್ಯ ಕೊಡು ತಾಯಿ ಎಂದು ನಾವೆಲ್ಲ ನಮಸ್ಕಾರ ಹಾಕಿದ್ದನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ. ಹೂವಿನ ಬುಟ್ಟಿ ಇಟ್ಟು ಹೊಟ್ಟೆ ಹಿಡಿದುಕೊಂಡೆ. ಮಾನ್ಯಾಳ ಬಾಯಿಂದ ಪೇಸ್ಟಿನ ನೊರೆ ಹಾರಿತು.

ಜಾನಕಮ್ಮ ನಗಲಿಲ್ಲ. ನಾನು ನಿಲ್ಲಿಸಿದೆ.

ಹೆಂಡತಿಗೆ ಲಕ್ಷ್ಮಿಯ ಭ್ರಮೆ ಒಡೆಯಿತೆಂದು ರಾಯರು ತಿಳಿದರು. ಪಾಪ, ಸಮಾಧಾನಕ್ಕೆ ಹೊರಟರು. ನಿಮ್ಮಮ್ಮನ ತಪ್ಪಲ್ಲ ಜಾನಕಿ, ಆ ಕಾಲದ ಹೆಂಗಸರಿಗೆ ರಾಜ ಯಾರು ರಾಣಿ ಯಾರು ಎಂದು ಎಲ್ಲಿ ಗೊತ್ತಾಗಬೇಕು ಎಂದರು.

“ಅಮ್ಮಂಗೆ ಗೊತ್ತಿತ್ತು,” ಎಂದರು ಜಾನಕಮ್ಮ. “ನಂಗೂ ಗೊತ್ತಿತ್ತು. ನಮ್ಮ ಮದುವೇಲಿ ನಿಮ್ಮನೆಯೋರು ಹುಡುಗಿ ಜೊತೆ ಬೆಳ್ಳಿ ಲಕ್ಷ್ಮಿ ಬರ್ಬೇಕು ಅಂದ್ರು. ಅಮ್ಮನ ಹತ್ರ ಇದ್ದ ಬೆಳ್ಳಿ ಅಂದ್ರೆ ಈ ತಾತನ ರೂಪಾಯಿ ಒಂದೇ. ಶುಕ್ರವಾರ ಶುಕ್ರವಾರ ತುಪ್ಪದಲ್ಲಿ ಕುಂಕುಮ ಕಲಸಿ ಒಂದೊಂದೇ ಪದರ ಕೂರಿಸಿದ್ಲು. ಮೊದಲು ಗಡ್ಡ ಮುಚ್ಚಿದ್ಲು, ಆಮೇಲೆ ಬೋಳುತಲೆ. ನೀವು ತೂತು ಹಾಕಲ್ಲ, ಬೆಸುಗೆ ಹಾಕಲ್ಲ ಅಂತೀರಲ್ಲ, ಅಮ್ಮನೂ ಏನೂ ಹಾಕಲಿಲ್ಲ ರೀ. ಬರೀ ಬೆರಳಲ್ಲಿ ರಾಜನ್ನ ಲಕ್ಷ್ಮಿ ಮಾಡಿದ್ಲು.”

ಆಮೇಲೆ ಅವರು ಕುಂಕುಮ ತೊಳೆದ ನೀರು ಎಲ್ಲಿ ಎಂದು ಕೇಳಿದರು. ರಾಯರು ಬಚ್ಚಲಿನ ಕಡೆ ಕೈ ತೋರಿಸಿದರು. ಅಷ್ಟು ಹೊತ್ತಿಗೆ ಅವರ ಮುಖ ಬಿಳಿಚಿಕೊಂಡಿತ್ತು. ನಾನು ಜಗಳಗಂಟಿ, ಅವರನ್ನು ನೂರು ಸಲ ಕೆಣಕಿದವಳು. ಅಂದು ಮಾತ್ರ ಅವರನ್ನು ನೋಡಿ ಸಂಕಟವಾಯಿತು. ಜಾನಕಮ್ಮನನ್ನು ನೋಡಿ ಅದಕ್ಕಿಂತ ಹೆಚ್ಚು ಸಂಕಟವಾಯಿತು. ಸತ್ತ ತಾಯಿಯ ಬೆರಳಿನ ಗುರುತು ಬೇರೆ ಎಲ್ಲೂ ಇರಲಿಲ್ಲ.

ಮದುವೆ ಶ್ರಾವಣದಲ್ಲಿತ್ತು, ಇನ್ನೂ ಕೆಲವು ಶುಕ್ರವಾರಗಳಿದ್ದವು. ಮುಂದಿನ ಶುಕ್ರವಾರ ಜಾನಕಮ್ಮ ತುಪ್ಪದ ಬಟ್ಟಲು, ಕುಂಕುಮದ ಭರಣಿ ಇಟ್ಟುಕೊಂಡು ಕೂತರು. ಬೆರಳ ತುದಿಯಿಂದ ದೊರೆಯ ಗಡ್ಡ ಮುಚ್ಚಿದರು. ಅದರ ಮುಂದಿನ ವಾರ ಕಿವಿ, ಕೆನ್ನೆ. ರಾಯರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಧ್ಯಾಹ್ನ ಗಡಿಯಾರ ರಿಪೇರಿ ಅಂಗಡಿಗಳನ್ನೆಲ್ಲ ಸುತ್ತಿ, ಉಬ್ಬಿದ ಗಾಜೊಂದನ್ನು ಹುಡುಕಿ ತಂದರು. ಬೇರೆ ಬಳೆ ಮಾಡಿದರು. ಈ ಸಲ ತೋಡು ಆಳವಾಗಿತ್ತು, ಮುಂದೆ ಗಾಜು, ಗಾಜಿಗೂ ಕುಂಕುಮಕ್ಕೂ ನಡುವೆ ಜಾಗ. ಇನ್ನು ಸೀರೆಗೆ ಕೆಂಪು ಇಳಿಯುವ ಹಾಗಿರಲಿಲ್ಲ, ಯಾವ ನೀರೂ ಒಳಗೆ ಹೋಗುವ ಹಾಗಿರಲಿಲ್ಲ.

ಮದುವೆಗೆ ಮುಂಚೆ ಮನೆಯಲ್ಲಿ ಮಾಡುವ ದೇವರ ಸಮಾರಾಧನೆಯ ಹಿಂದಿನ ದಿನ ಅವರು ಅದನ್ನು ಕೂರಿಸಿದರು. ನನ್ನನ್ನೂ ಕರೆದಿದ್ದರು. ಕುಂಕುಮ ಉಬ್ಬಿ, ಗುಂಡಗೆ, ಗಾಜಿನ ಕೆಳಗೆ ಮೊದಲಿನ ಹಾಗೇ ಕಾಣುತ್ತಿತ್ತು. ಸ್ಕ್ರೂ ತಿರುಗಿಸಿ ರಾಯರು ಮೆಲ್ಲಗೆ, ಸರಿಯಾಗಿ ನಿಮ್ಮಮ್ಮ ಹಚ್ಚಿದ ಹಾಗೇ ಬಂದಿದೆ ಜಾನಕಿ ಎಂದರು.

“ಬಂದಿಲ್ಲ,” ಎಂದರು ಜಾನಕಮ್ಮ. “ಅಮ್ಮಂದು ಹೋಯ್ತು. ಇದು ನಂದು.”

ಜಾನಕಮ್ಮ ಪದಕವನ್ನು ಮಗಳ ಕೊರಳಿಗೆ ಹಾಕಿ, ಸರವನ್ನು ಸರಿಮಾಡಿ, ಸ್ವಲ್ಪ ಹೊತ್ತು ಅಂಗೈಯನ್ನು ಅದರ ಮೇಲಿಟ್ಟುಕೊಂಡರು.

“ನಾನು ಹೋದ್ಮೇಲೆ ನಿಂಗೆ ಇದು ಇರುತ್ತೆ,” ಎಂದರು. “ನಿಮ್ಮಪ್ಪನ ಕೈಗೆ ಮಾತ್ರ ಕೊಡ್ಬೇಡ.”

ಮಾನ್ಯಾ ನಗಬೇಕೋ ಅಳಬೇಕೋ ತಿಳಿಯದೆ ಅಪ್ಪನ ಕಡೆ ನೋಡಿದಳು. ರಾಯರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

“ಹೌದು ಮಾ,” ಎಂದರು, “ಕೊಡ್ಬೇಡ.”