ಕಾಲುವೆಗೆ ಬಿದ್ದ ಚೆಂಡು, ಬಲೆ ಬೀಸಿದ ಅಂಕಲ್

ಪಕ್ಕದ ಮನೆಯ ಅಂಕಲ್ ಅವರ ಮುಂಗೈ ತೆಂಗಿನ ಕಾಂಡದಷ್ಟು ದಪ್ಪ. ಅವರು ಕೈ ಕುಲುಕಿದರೆ ನನ್ನ ಬೆರಳುಗಳಿಗೆ ಮರುದಿನವಷ್ಟೇ ಜೀವ ಬರುತ್ತಿತ್ತು. ಉಡುಪಿಯ ಹೊಳೆಯಲ್ಲಿ ಬಲೆ ಬೀಸಿ ಬೆಳೆದ ಆ ಕೈ, ಡಚ್ಚರ ನಾಡಿನ ನೈಮೆಗನ್ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಸೊಳ್ಳೆಯ ಮೀಸೆಗಿಂತ ಸಣ್ಣ ತಂತಿ ಜೋಡಿಸುತ್ತಿತ್ತು.

ಅದೇ ಊರಿನ ನಮ್ಮ ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಒಂದು ಕಡೆ ಹಳೆಯ ಮರದ ಗ್ಯಾಲರಿ, ಇನ್ನೊಂದು ಕಡೆ ಕಾಲುವೆ. ಅಜ್ಜಂದಿರ ಕಾಲದಿಂದ ಅಲ್ಲಿ ಒಂದೇ ಸಂಪ್ರದಾಯ: ಶುರುವಾದ ಚೆಂಡಿನಲ್ಲೇ ಆಟ ಮುಗಿಯಬೇಕು. ಅದು ನೀರಿಗೆ ಬಿದ್ದರೆ ಎತ್ತಿಕೊಡುವ ಗೌರವದ ಹುದ್ದೆ ಅಂಕಲ್‌ದು. ಆಯುಧ, ತುದಿಗೆ ಬುಟ್ಟಿ ಕಟ್ಟಿದ ಉದ್ದ ಕೋಲು. ಅದಕ್ಕೆ ಚೆಂಡಿಗಿಂತ ಸೈಕಲ್ಲುಗಳೇ ಹೆಚ್ಚು ಸಿಗುತ್ತಿದ್ದವು.

ಚೆಂಡಿಗಾಗಿ ಕಾದು ಕಾದು ಬೇಸತ್ತ ಕಾಲೇಜಿನ ಆಟದ ಕಮಿಟಿ ಹೇಳಿತು: ಈ ಸಲ ಕಪ್ ಕೈತಪ್ಪಿದರೆ ಸಂಪ್ರದಾಯವೂ ರದ್ದು, ಹುದ್ದೆಯೂ ರದ್ದು.

"ಬರುವ ಎರಡು ಸಾವಿರನೇ ಇಸವಿಗೆ ಕಂಪ್ಯೂಟರೆಲ್ಲ ಸಾಯ್ತದಂತೆ ಮಾರಾಯ," ಎಂದರು ಅಂಕಲ್. "ಈ ಸಂಪ್ರದಾಯವನ್ನು ಅದಕ್ಕೂ ಮೊದಲೇ ಕೊಲ್ಲಬೇಕಾ?"

ಕೊನೆಯ ಪಂದ್ಯ. ಗೆದ್ದರೆ ಕಪ್ ನಮಗೆ, ಸಮವಾದರೆ ಎದುರಾಳಿಗೆ. ಇನ್ನೂ ಒಂದೂ ಗೋಲಿಲ್ಲ. ಮುಗಿಯುವ ಹೊತ್ತಿಗೆ ಎದುರಾಳಿಗಳು ಹೊತ್ತು ಕಳೆಯಲು ಬೇಕೆಂದೇ ಚೆಂಡನ್ನು ಕಾಲುವೆಗೆ ಒದ್ದು, ಹುಲ್ಲಿನ ಮೇಲೆ ಬಿಸಿಲು ಕಾಯುತ್ತ ಮಲಗಿದರು. ಚೆಂಡು ತೇಲಿ ದೂರ ಹೋಯಿತು.

"ಅಂಕಲ್, ಕೋಲು ಸಾಕಾಗಲ್ಲ!" ಎಂದು ಆಡುತ್ತಿದ್ದ ನಾನು ಮೈದಾನದಿಂದಲೇ ಕಿರುಚಿದೆ.

"ಕೋಲು ಯಾರಿಗೆ ಬೇಕು? ನೀನು ಹೋಗಿ ಗೋಲಿನ ಹತ್ರ ನಿಲ್ಲು. ಬಾಯಿಯೊಂದೇ ಅಲ್ಲ, ಕಾಲೂ ಉಂಟು ಅಂತ ಇವತ್ತಾದ್ರೂ ತೋರಿಸು!"

ಅವರ ಚೀಲದಿಂದ ಊರಿನ ಬೀಸುಬಲೆ ಹೊರಬಂತು. ಸೊಂಟ ತಿರುಗಿಸಿ ಎಸೆದರು ನೋಡಿ, ಅದು ಇಡೀ ನೈಮೆಗನ್ನನ್ನು ಮುಚ್ಚುವ ನೀರುದೋಸೆಯಂತೆ ಆಕಾಶದಲ್ಲಿ ಅರಳಿತು! ಎಳೆದಾಗ ಬಂದದ್ದು ಚೆಂಡು, ಒಂದು ಸೈಕಲ್ ಚಕ್ರ, ಮತ್ತು ಡಚ್ಚಿನಲ್ಲಿ ಬೈಯುತ್ತಿದ್ದ ಬಾತುಕೋಳಿ.

ಮಲಗಿದವರು ಏಳುವಷ್ಟರಲ್ಲಿ ನಮ್ಮ ತಂಡದವನೊಬ್ಬ ಗೆರೆಯಾಚೆಯಿಂದ ಚೆಂಡನ್ನು ನನ್ನತ್ತ ಎಸೆದಿದ್ದ. ನಾನು ಫಿರಂಗಿಯಂತೆ ಒದ್ದೆ. ನಿಂಬೆಹಣ್ಣು ಉರುಳಿದಂತಿತ್ತು ಎನ್ನುತ್ತಾಳೆ ಅಮ್ಮ. ಅವಳು ಕುಳಿತದ್ದು ದೂರದಲ್ಲಿ. ಗೋಲ್‌ಕೀಪರ್ ಹಿಡಿದೇಬಿಟ್ಟ. ಆದರೆ ಪಾಚಿ ಮೆತ್ತಿದ ಚೆಂಡು ಮೀನಿನಂತೆ ಜಾರಿ ಗೆರೆ ದಾಟಿತು. ಗೋಲು! ಹಿಂದೆಯೇ ಕೊನೆಯ ಸೀಟಿ, ಕಪ್ ನಮ್ಮದು! ಗ್ಯಾಲರಿಯ ಹಲಗೆಗಳು ಕುಣಿದ ಸದ್ದು ಹತ್ತಿರದ ಗಡಿ ದಾಟಿ ಜರ್ಮನಿಗೆ ಕೇಳಿಸಿರಬೇಕು.

ಅಂಕಲ್ ಈಗ ಐಂಡ್‌ಹೋವನ್ ಊರಿಗೆ ವರ್ಗವಾಗಿ ಹೋಗಿದ್ದಾರೆ. ಬಲೆ ಗ್ಯಾಲರಿಯ ಬಾಗಿಲಲ್ಲಿ ತೂಗುತ್ತಿದೆ. ಸಂಪ್ರದಾಯಕ್ಕೆ ಇನ್ನೊಂದು ಸೇರಿದೆ: ಆಟಕ್ಕೆ ಮೊದಲು ಚೆಂಡನ್ನು ಕಾಲುವೆಯಲ್ಲಿ ಒಮ್ಮೆ ಮುಳುಗಿಸಬೇಕು. ಮುಳುಗಿಸುವ ಮರ್ಯಾದೆ, ಗೋಲು ಹೊಡೆದ ನನ್ನದು. ಹೋಗುವಾಗ ಬಲೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ. ಯಾರದ್ದು ಆ ಗೋಲು ಎಂದು ಬಲೆಗೂ ಗೊತ್ತು, ನನಗೂ ಗೊತ್ತು.