ನಮ್ಮಾಯಿಯ ಸ್ಕಾಟ್ಲಂಡಿನ ಬೀಗರು

ನಾನು ಅಪ್ಪ-ಅವ್ವನಿಗೆ ಒಬ್ಬಳೇ ಮಗಳು. ನನಗಿದು ಯಾವತ್ತೂ ಕೊರತೆ ಅನ್ನಿಸಿರಲಿಲ್ಲ. ಆದರೆ ಅಪ್ಪನ ತಾಯಿಗೆ, ಅಂದರೆ ನಮ್ಮ ಆಯಿಗೆ, ಅದೇ ಹಗಲೂ ರಾತ್ರಿ ಚಿಂತೆ. ಮನೆತನ ಮುಂದುವರಿಯಲು ಗಂಡು ಬೇಕೇ ಬೇಕೆಂದು ದುಮ್ಮವಾಡದ ದಾಯಾದಿಗಳ ಹುಡುಗನೊಬ್ಬನನ್ನು ದತ್ತಕ ತೆಗೆದುಕೊಳ್ಳುವುದಾಗಿ ಗೊತ್ತು ಮಾಡಿದ್ದಳು. ಆ ಪುಣ್ಯಾತ್ಮ ನಮ್ಮ ಮನೆ ನೋಡಿಹೋಗಲು ಬಂದ ದಿನವೇ ನನ್ನ ಗಂಗಾಳದಲ್ಲಿ ಉಂಡು, ನನ್ನ ಕೌದಿ ಹೊದ್ದು ಮಲಗಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹುಟ್ಟಿದ ಮನೆ, ಹೊಲ ಎಲ್ಲ ಆ ಮೂಗು ಸೋರುವವನಿಗೆ, ನಾನು ಮಾತ್ರ ಕೊಟ್ಟ ಮನೆಗೆ! ಅಪ್ಪ ಅಣ್ಣಿಗೇರಿಯಲ್ಲಿ ಇಂಗ್ಲಿಷ್ ಮಾಸ್ತರ. ಶಾಲೆಯಲ್ಲಿ ಹುಲಿ, ತಾಯಿಯ ಮುಂದೆ ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ.

ಎಂಬತ್ತರ ದಶಕದ ಒಂದು ಶ್ರಾವಣದಲ್ಲಿ ಅಪ್ಪ ಹುಬ್ಬಳ್ಳಿಗೆ ವ್ಯಾಕರಣದ ಪುಸ್ತಕ ತರಲು ಹೋಗಿ, ಸ್ಕಾಟ್ಲಂಡಿನ ಜಹಗೀರದಾರರ ವಂಶಾವಳಿಯ ದಪ್ಪ ಪುಸ್ತಕವೊಂದನ್ನು ಹೊತ್ತು ತಂದ. ಹಳೇ ಪುಸ್ತಕದ ಅಂಗಡಿಯವನು ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟಿದ್ದನಂತೆ.

"ಇದನ್ನೇನು ಉಪ್ಪಿನಕಾಯಿ ಹಾಕೂದೇನ್ರಿ?" ಅಂದಳು ಅವ್ವ.

ರೇಡಿಯೋದ ಸೆಲ್ ಮುಗಿದಿದ್ದರಿಂದ ಆಯಿಗೆ ಹೊತ್ತು ಹೋಗುತ್ತಿರಲಿಲ್ಲ. "ಅದರಾಗ ಏನೈತಿ ಓದಲೇ ತಮ್ಮಾ" ಅಂದಳು. ಅಪ್ಪ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಕನ್ನಡ ಮಾಡಿ ಹೇಳತೊಡಗಿದ. ನಮ್ಮಾಯಿಗೆ ಅದರ ಹುಚ್ಚು ಹಿಡಿಯಿತು ನೋಡಿ! ಒಂದು ಮನೆತನದವರು ಇನ್ನೊಂದು ಮನೆತನದವರ ದನ ಹೊಡೆದುಕೊಂಡು ಹೋದದ್ದು ಕೇಳಿ, "ದನದ ಸಲುವಾಗಿ ಬಡದಾಡ್ಯಾರಂದ್ರ ನಮ್ಮಂಗ ಒಕ್ಕಲುತನದವರ ಬಿಡು" ಅಂದಳು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆಂದಾಗ, "ಅಗದಿ ಛಲೋ ಮಂದಿ" ಎಂದು ಶಿಫಾರಸು ಮಾಡಿದಳು. ರಾಜನ ವಿರುದ್ಧ ದಂಗೆ ಎದ್ದವನೊಬ್ಬನ ತಲೆ ಹಾರಿಸಿ ಜಮೀನು ಜಪ್ತಿ ಮಾಡಿದ್ದರು. ಮಗ ಅದನ್ನು ಮತ್ತೆ ಬಿಡಿಸಿಕೊಂಡಿದ್ದ. ತಲೆ ಹೋದದ್ದು ಆಯಿಗೆ ದೊಡ್ಡ ಸುದ್ದಿಯೇ ಅಲ್ಲ. "ಯಾವ ವಕೀಲನ್ನ ಹಿಡದಿದ್ರು, ಬರದಾರೇನು ನೋಡು" ಎಂದು ದುಂಬಾಲು ಬಿದ್ದಳು.

ಒಂದು ಸಂಜೆ ಮಾತ್ರ ಅನಾಹುತವಾಯಿತು. ಒಬ್ಬ ಜಹಗೀರದಾರ ತನ್ನ ಕುಲದವಳನ್ನೇ, ನಮ್ಮ ಕಡೆ ಹೇಳುವಂತೆ ತನ್ನ ಬೆಡಗಿನವಳನ್ನೇ, ತನ್ನದೇ ಅಡ್ಡಹೆಸರಿನವಳನ್ನೇ ಲಗ್ನವಾಗಿದ್ದ.

"ಅಯ್ಯ ನಮ್ಮ ಶಿವನ! ಒಂದ ಬೆಡಗಿನಾಗ ಲಗ್ನ? ಅಣ್ಣ-ತಂಗಿ ಆಗ್ತಾರಲ್ಲೋ! ಹಿರ್ಯಾರು ಯಾರೂ ಇದ್ದಿದ್ದಿಲ್ಲೇನು?"

"ಅದು ಆಗಿ ಮುನ್ನೂರು ವರ್ಷ ಆತು ಬೇ."

"ಆದ್ರೇನು? ತಪ್ಪು ತಪ್ಪಽ" ಎಂದು ಆಯಿ ಆವತ್ತು ಊಟವನ್ನೇ ಬಿಟ್ಟಳು. ನಾನು ನಕ್ಕಿದ್ದಕ್ಕೆ ನನಗೂ ಬೈಗಳಾದವು.

ದೀಪಾವಳಿ ಹೊತ್ತಿಗೆ ಅಪ್ಪ ಇನ್ನೊಂದು ಮನೆತನಕ್ಕೆ ಬಂದ. ಅಲ್ಲಿ ಗಂಡು ಸಂತಾನವಿರಲಿಲ್ಲ, ಒಬ್ಬಳೇ ಮಗಳು. ಆಯಿ ಚಟ್ಟನೆ, "ದತ್ತಕ ತಗೊಂಡ್ರೇನು?" ಅಂದಳು.

"ಇಲ್ಲ. ಮಗಳಿಗೇ ಪಟ್ಟ ಆತು. ಗಂಡ ಆಕಿ ಮನಿಗೆ ಬಂದು ಆಕಿ ಅಡ್ಡಹೆಸರು ಇಟಗೊಂಡ."

"ಗಂಡಸು?"

"ಹೌದು. ಅಗದಿ ಮೀಸಿ ಇದ್ದಾಂವ."

"ಮನಿ ಉಳೀತ?"

"ಇನ್ನೂ ಐತಿ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಪ್ಪ ಪುಟದಿಂದ ತಲೆ ಎತ್ತಲಿಲ್ಲ. ಮರುದಿನ ನಾನು ಕದ್ದು ಪುಸ್ತಕ ತೆಗೆದು ನೋಡಿದೆ. ಮೀಸೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಲ್ಲಿ ಇತ್ತು. ಆಯಿ ಮಾತ್ರ ದತ್ತಕದ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ದುಮ್ಮವಾಡದವರು ಯುಗಾದಿಗೆ ದತ್ತಕ ಮುಗಿಸೋಣವೆಂದು ಹೇಳಿಕಳಿಸುತ್ತಲೇ ಇದ್ದರು, ನನಗೆ ಊಟ ಸೇರುತ್ತಿರಲಿಲ್ಲ.

ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವ ಬಂದ. ಹೆಳವರೆಂದರೆ ಎತ್ತಿನ ಮೇಲೆ ಊರೂರು ತಿರುಗಿ, ಒಂದೊಂದು ಮನೆಯ ಹಿರಿಯರ ಹೆಸರನ್ನೂ ಮೊದಲಿನಿಂದ ಹಾಡಿಹೇಳಿ ಕಾಳು ಪಡೆಯುವವರು. ಅವನು ಅಂಗಳದಲ್ಲಿ ನಿಂತು ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಅಪ್ಪನವರೆಗೆ ಬಂದು ನಿಲ್ಲಿಸಿದ.

"ದುಮ್ಮವಾಡದಾಗ ಕೇಳೇನ್ರಿ ಯವ್ವಾ. ಆ ಹುಡುಗನ ಹೆಸರು ಸೇರಸ್ಲೇನು?"

ನಾನು ಕಂಬ ಹಿಡಿದು ನಿಂತಿದ್ದೆ. ಒಮ್ಮೆ ಇವನ ಬಾಯಿಗೆ ಬಿತ್ತೆಂದರೆ ಮುಗಿಯಿತು, ಊರೆಲ್ಲ ಅದೇ ಖರೆ.

"ಬ್ಯಾಡ. ಮೊಮ್ಮಗಳ ಹೆಸರು ಹೇಳು" ಅಂದಳು ಆಯಿ.

"ಹೆಣ್ಣಮಕ್ಕಳ ಹೆಸರು ಹೇಳೂ ಪದ್ಧತಿ ಇಲ್ಲಲ್ರಿ!"

"ಸ್ಕಾಟ್ಲಂಡಿನಾಗ ಐತಿ. ದೊಡ್ಡ ದೊಡ್ಡ ಮನ್ಯಾಗ ಐತಿ."

"ಅದು ಯಾವ ತಾಲೂಕ್ರಿ?"

"ಅಳ್ನಾವರ ದಾಟಿ, ಗೋವಾ ದಾಟಿ, ಸಮುದ್ರ ದಾಟಿ ಹೋಗಬೇಕು."

"ಅಷ್ಟು ದೂರ ನಮ್ಮ ಎತ್ತು ಹೋಗಂಗಿಲ್ರಿ" ಎಂದು ಹೆಳವ ತಲೆ ಕೆರೆದುಕೊಂಡ. ಆಯಿ ಮೊರದ ತುಂಬ ಜೋಳ ತಂದು ಎದುರಿಗಿಟ್ಟಳು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಅಷ್ಟೆಲ್ಲ ಗಂಡಸರ ಬೆನ್ನಿಗೆ ನನ್ನ ಹೆಸರನ್ನು ಹಾಡಿದ. ನಾನು ಅಳಬಾರದೆಂದರೂ ಅತ್ತೆ. ಅವ್ವ ಬಾಗಿಲ ಹಿಂದೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಹೆಳವನಿಗೆ ಸಮಾಧಾನವಾಗಲಿಲ್ಲ. "ಒಬ್ಬಾಕಿದ ಹೇಳಿದ್ರ ಹಾಡು ಕುಂಟತೈತ್ರಿ. ಮಾಸ್ತರನ್ನ ಹಡದಾಕೀದೂ ಹೇಳಬೇಕಾಗ್ತೈತಿ. ನಿಮ್ಮ ಹೆಸರೇನ್ರಿ ಯವ್ವಾ?"

"ನಂದ್ಯಾಕೋ?" ಅಂದ ಆಯಿ ಒಳಗೆ ಹೊರಟಳು. ಹೊಸ್ತಿಲಲ್ಲಿ ತಿರುಗಿ ಕೇಳಿದಳು: "ಯಾವುದು ಹೇಳ್ಲಿ? ಲಗ್ನದಾಗ ಈ ಮನಿಯವರು ಇಟ್ಟಿದ್ದೋ, ನಮ್ಮಪ್ಪ ಇಟ್ಟಿದ್ದೋ?"

"ನಿಮ್ಮಪ್ಪ ಇಟ್ಟಿದ್ದ ಹೇಳ್ರಿ."

ಆಯಿ ಸೆರಗು ಎಳೆದುಕೊಂಡು, ನೆಲ ನೋಡುತ್ತ, ಒಂದು ಹೆಸರು ಹೇಳಿದಳು. ಆ ಹೆಸರನ್ನು ನಾನು ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. ಸ್ಕಾಟ್ಲಂಡಿನ ಯಾವ ಜಹಗೀರದಾರನ ಅಜ್ಜಿಯ ಹೆಸರು ಕೇಳಿದರೂ ಥಟ್ಟನೆ ಹೇಳುತ್ತಿದ್ದ ಅಪ್ಪ ಕಟ್ಟೆಯಿಂದ ಎದ್ದು ನಿಂತುಬಿಟ್ಟಿದ್ದ.

"ಏನಂದಿ ಬೇ ಯವ್ವಾ?"

ಆಯಿ ಇನ್ನೊಮ್ಮೆ ಹೇಳಿದಳು, ಈ ಸಲ ಸ್ವಲ್ಪ ಜೋರಾಗಿ.