ಮೂತಿಗೆ ಹಗ್ಗ ಕಟ್ಟಿದ ದೋಣಿ

ಉಚ್ಚಂಗಪ್ಪನಿಗೆ ಕೊನೆಯ ಸ್ನಾನ ಮಾಡಿಸಿದ ದಿನ ಅವನ ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸೀಗೆಪುಡಿ ಆಯಿತು, ಬೂದಿ ಆಯಿತು. ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ಶೇಷಮ್ಮ, “ಬಿಡ್ರೀ, ಹಂಗೇ ಇರ್ಲಿ. ಅದು ಇಂಜಿನ್ನಿನ ಮಸಿ. ಹನ್ನೆರಡು ವರ್ಷದಿಂದ ನಾನೂ ತಿಕ್ಕೀನಿ, ಹೋಗಿಲ್ಲ” ಎಂದಳು. ಅಳುತ್ತಿದ್ದವರಲ್ಲಿ ಇಬ್ಬರಿಗೆ ನಗು ಬಂತು. ಅವರಲ್ಲಿ ನಾನೊಬ್ಬ.

ಅದಾಗಿ ಎರಡು ತಿಂಗಳು. ಅಂಜನಾಪುರದ ಶಾಲೆಗೆ ನಾನು ಬಂದ ಲಾಗಾಯ್ತಿನಿಂದ ಅವನು ನನ್ನ ಗೆಳೆಯ. ಮೊದಲು ಎಂಟು ವರ್ಷ ಸೊರಬದಲ್ಲೊಂದು ಅಕ್ಕಿ ಗಿರಣಿಯ ಇಂಜಿನ್ ನೋಡಿಕೊಂಡಿದ್ದ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಕುರಿ, ಗದ್ದೆ ಎಂದು ನಿಂತ. ಆದರೆ ಕುರಿಗಳಿಗೆ ಬೋಲ್ಟು ನಟ್ಟು ಇಲ್ಲವಲ್ಲ ಎಂಬ ಬೇಸರ ಅವನಿಗೆ ಕೊನೆಯವರೆಗೂ ಇತ್ತು.

ಅವನ ಅತ್ತೆ ಗುಡ್ಡಮ್ಮನೂ ಅದೇ ಮನೆಯಲ್ಲಿದ್ದಳು. ಬರೀ ಹೆಂಡತಿಯ ತಾಯಿಯಲ್ಲ, ಅವನ ಅಪ್ಪನ ಒಡಹುಟ್ಟಿದ ಅಕ್ಕ. ಅವನನ್ನು ಎತ್ತಿ ಆಡಿಸಿದವಳಾದ್ದರಿಂದ ಅಳಿಯನೆಂಬ ಮರ್ಯಾದೆ ಕೊಡುವ ಗೋಜಿಗೆ ಹೋದವಳಲ್ಲ. ಅವಳ ಗದ್ದೆ ಹಿನ್ನೀರಿನ ಆಚೆ ದಡದಲ್ಲಿತ್ತು. ಡ್ಯಾಮು ತುಂಬಿದರೆ ಮನೆಗೂ ಗದ್ದೆಗೂ ನಡುವೆ ನೀರು. ಸುತ್ತಿ ಹೋಗಲು ಮೂರು ಮೈಲಿ, ಅದೂ ಬದುವಿನ ಮೇಲೆ. ಗಾಡಿ ಹೋಗುವ ಹಾಗಿಲ್ಲ. ಮೊಣಕಾಲು ಕೈಕೊಟ್ಟು ಮೂರು ವರ್ಷವಾಗಿತ್ತು. ಮೂರು ಭೂಮಿ ಹುಣ್ಣಿಮೆ ಅವಳಿಲ್ಲದೆ ನಡೆದಿದ್ದವು.

ಭೂಮಿ ಹುಣ್ಣಿಮೆ ಎಂದರೆ ನಮ್ಮ ಕಡೆ ತೆನೆ ಹೊತ್ತ ಭೂಮಿಗೆ ಬಸುರಿಯ ಬಯಕೆ ತೀರಿಸುವ ದಿನ. ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಅಡುಗೆ ತುಂಬಿಕೊಂಡು, ಬಿಸಿಲೇರುವ ಮೊದಲೇ ಗದ್ದೆ ಮುಟ್ಟಿ, ಸೊಪ್ಪು ಬೆರೆಸಿದ ಚರಗ ಚೆಲ್ಲಿ ಭೂಮಿಗೆ ಉಣ್ಣಿಸಬೇಕು. ಶೇಷಮ್ಮ ಮೂರು ವರ್ಷ ಅದನ್ನು ಮಾಡಿದ್ದಳು. ಪ್ರತಿ ಸಲವೂ ಗುಡ್ಡಮ್ಮ ಹೊಸ್ತಿಲಲ್ಲಿ ಕೂತು, “ಸರಿಯಾಗಿ ಉಣ್ಣಿಸ್ದೇನು? ಅರ್ಧ ಹೊಟ್ಟೀಲಿ ಬಿಟ್ಟು ಬಂದೀಯ” ಎಂದು ಮಗಳನ್ನು ಸತಾಯಿಸುತ್ತಿದ್ದಳು.

ಹೊತ್ತುಕೊಂಡು ಹೋಗುತ್ತೇವೆ ಎಂದರೆ, “ಹೊರೋದು ಒಂದೇ ಸಲ. ಅದು ಇನ್ನೂ ಐತೆ” ಎನ್ನುವಳು. ಹರಿಗೋಲಿನಲ್ಲಿ ಹೋಗೋಣವೆಂದರೆ, “ಬುಟ್ಟೀಲಿ ಕೂತು ಹೋಗೋದು ಅಡುಗಿ, ನಾನಲ್ಲ.”

“ಹಂಗಾರೆ ಇಂಜಿನ್ ದೋಣೀಲಿ ಹೋಗಣ ಬಾರತ್ತೆ,” ಎಂದ ಉಚ್ಚಂಗಪ್ಪ. “ಈ ಸಲದ ಹುಣ್ಣಿಮಿಗೆ ನೀನೇ ಚರಗ ಚೆಲ್ಲಬೇಕು.”

ದೋಣಿ ಇದ್ದದ್ದು ನಿಜ. ಯಾವನೋ ಗುತ್ತಿಗೆದಾರ ಬಿಟ್ಟು ಹೋಗಿದ್ದ ಕಬ್ಬಿಣದ ಹಳೇ ದೋಣಿ ಹೊಂಗೆ ಮರದ ಕೆಳಗೆ ಬಿದ್ದಿತ್ತು. ಹುಟ್ಟು ಹಾಕಿ ನಡೆಸಲು ಆರು ಆಳಾದರೂ ಬೇಕು, ಅಷ್ಟು ಭಾರ. ಅದರ ಇಂಜಿನ್ನಿನಲ್ಲಿ ಹಲ್ಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಅವನು ಮಾತು ಕೊಟ್ಟದ್ದು ೧೯೫೮ರ ಯುಗಾದಿಯ ಹೊತ್ತಿಗೆ. ಹುಣ್ಣಿಮೆಗೆ ಆರು ತಿಂಗಳು. ಗುಡ್ಡಮ್ಮ ಅಂದಿನಿಂದಲೇ ಪೆಟ್ಟಿಗೆಯ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಇನ್ನು ಅವನು ಹಿಂದೆ ಸರಿಯುವ ಹಾಗಿರಲಿಲ್ಲ.

ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಪಿಸ್ಟನ್ನಿಗೆ ಹರಳೆಣ್ಣೆ, ಸೀಮೆಎಣ್ಣೆ ಕಲಸಿ ಹುಯ್ದು ಗೋಣಿ ಮುಚ್ಚಿಟ್ಟ. ದಿನಾ ಸಂಜೆ ಮರದ ತುಂಡಿಟ್ಟು ಮೆಲ್ಲಗೆ ಬಡಿಯುವುದು, ಕಿವಿಗೊಟ್ಟು ಕೇಳುವುದು. ಒಂಬತ್ತನೆಯ ದಿನ ಅದು ಜೋಳದ ಕಾಳಿನಷ್ಟು ಸರಿಯಿತು. ಅವನು ಶಾಲೆಗೇ ಓಡಿ ಬಂದ. ನಾನು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. “ಮೇಷ್ಟ್ರೇ, ಉಸಿರು ಬಂತು!” ಎಂದ. ಯಾರಿಗೋ ಏನೋ ಆಗಿ ಉಳಿದರೆಂದುಕೊಂಡು ಮಕ್ಕಳು ಕೈಮುಗಿದರು.

ಇಂಜಿನ್ ತಣಿಸುವ ನೀರಿನ ಪಂಪಿನ ಸಂದಿಗೆ ಹಾಕಲು ದಪ್ಪ ರಟ್ಟು ಬೇಕಾಯಿತು. ಒಂದು ಸಂಜೆ ನಮ್ಮ ಮನೆಯ ಕಪಾಟಿನ ಮುಂದೆ ಸುಮ್ಮನೆ ನಿಂತ.

“ಈ ದಪ್ಪ ಬುಕ್ಕು ಯಾವುದ್ರೀ?”

“ನಿಘಂಟು.”

“ದಿನಾ ಓದ್ತೀರೇನು?”

“ಓದೋದಲ್ಲಪ್ಪ, ಬೇಕಾದಾಗ ನೋಡೋದು.”

“ಹಂಗಾರೆ ಮೇಲಿಂದು ಇಲ್ದಿದ್ರೂ ನಡೀತತೆ.”

ಇಂದಿಗೂ ನನ್ನ ನಿಘಂಟಿಗೆ ಮೇಲಿನ ರಟ್ಟಿಲ್ಲ. ನೀರೊಳಗಿನ ರೆಕ್ಕೆ ತಿರುಗಿಸುವ ಸರಳು ದೋಣಿಯಿಂದ ಹೊರಬೀಳುವ ತೂತಿನಲ್ಲಿ ನೀರು ಒಸರುತ್ತಿತ್ತು. ಅಲ್ಲಿಗೆ ಪುಂಡಿ ನಾರನ್ನು ಕುರಿ ಕೊಬ್ಬಿನಲ್ಲಿ ಅದ್ದಿ ಸುತ್ತಿ ಬಿಗಿದ. ಊರ ನಾಯಿಗಳೆಲ್ಲ ದೋಣಿಯ ಸುತ್ತ ಸೇರಿದವು. ಹೊಡೆದೋಡಿಸುವ ಕೆಲಸ ನನಗೆ ಬಂತು.

ಗೇರಿನ ಪೆಟ್ಟಿಗೆಯ ಹಲ್ಲುಗಳು ಮಾತ್ರ ಸವೆದು ಹೋಗಿದ್ದವು. ಅದನ್ನೇ ಕಿತ್ತೆಸೆದು, ಇಂಜಿನ್ನಿಗೊಂದು ಗಾಲಿ, ಸರಳಿಗೊಂದು ಗಾಲಿ ಕೂರಿಸಿ, ಸೊರಬದ ಗಿರಣಿಯಿಂದ ತಂದ ಹಳೇ ಬೆಲ್ಟನ್ನು ಅಳತೆ ನೋಡಿ ಹೊಲಿದ.

ನೆರೆಮನೆಯ ತೋಟಪ್ಪ ದಿನಾ ಬಂದು ಮರದ ಬೇರಿನ ಮೇಲೆ ಕೂತು ಉಪದೇಶ ಮಾಡುತ್ತಿದ್ದ. “ಲೇ ಉಚ್ಚಂಗಿ, ಇದು ಹೋಗೋದಿಲ್ಲ. ಹೋಯ್ತು ಅಂದ್ರೆ ಒಂದು ವಾರ ನಿನ್ನ ಕುರಿ ನಾನು ಕಾಯ್ತೀನಿ.”

“ಕಂಬಳಿ ರೆಡಿ ಮಾಡ್ಕೊ,” ಎಂದ ಇವನು.

ಹುಣ್ಣಿಮೆಯ ಹಿಂದಿನ ದಿನ ದೋಣಿಯನ್ನು ನೀರಿಗಿಳಿಸಿದೆವು. ಎತ್ತನ್ನು ಮೂಗುದಾರದಿಂದ ಕಟ್ಟುವ ಜನ ನಾವು. ದೋಣಿಯನ್ನೂ ಮೂತಿಗೆ ಹಗ್ಗ ಹಾಕಿ, ಮೂತಿ ದಡಕ್ಕೆ ಮಾಡಿ ಹೊಂಗೆ ಮರಕ್ಕೆ ಬಿಗಿದೆವು. ಉಚ್ಚಂಗಪ್ಪ ಹ್ಯಾಂಡಲ್ ತಿರುವಿದ. ಏಳನೆಯ ಸುತ್ತಿಗೆ ಇಂಜಿನ್ ಕೆಮ್ಮಿತು, ಹನ್ನೊಂದನೆಯದಕ್ಕೆ ಹತ್ತಿಕೊಂಡಿತು. ಹಗ್ಗ ಬಿಗಿದು ಮರವೇ ನಡುಗಿತು. “ಏನು ಎಳಿತಾ ಐತ್ರೀ!” ಎಂದು ಎಲ್ಲರೂ ಕೂಗಿದೆವು. ತೋಟಪ್ಪ ಕೂಡ ಮೆತ್ತಗಾದ. ಮುಂದಕ್ಕೆ ಹೋಗುವ ದೋಣಿಯಾಗಿದ್ದರೆ ಮೂತಿ ದಡಕ್ಕೆ ಗುದ್ದಬೇಕಿತ್ತು, ಹಗ್ಗ ಸಡಿಲ ಬೀಳಬೇಕಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ, ನಿಘಂಟು ಇಟ್ಟುಕೊಂಡಿದ್ದ ನನಗೂ, ಅದು ಹೊಳೆಯಲಿಲ್ಲ.

ಮರುದಿನ ಮೂಡಣ ಬೆಳ್ಳಗಾಗುವ ಹೊತ್ತಿಗೆ ಗುಡ್ಡಮ್ಮ ಇಳಕಲ್ ಸೀರೆ ಉಟ್ಟು, ಮೂತಿಯ ಕಡೆ ಮುಖ ಮಾಡಿ ನಡುಹಲಗೆಯ ಮೇಲೆ ಕೂತಳು. ಪಕ್ಕದಲ್ಲಿ ಬುಟ್ಟಿ ಹಿಡಿದ ಶೇಷಮ್ಮ. ದಡದಲ್ಲಿ ತೋಟಪ್ಪ. ಹಗ್ಗ ಬಿಚ್ಚಿದೆವು, ಉಚ್ಚಂಗಪ್ಪ ಇಂಜಿನ್ ಹತ್ತಿಸಿದ. ಮೂತಿಯನ್ನು ಆಚೆ ದಡದ ಕಡೆ ತಿರುಗಿಸಲೆಂದು ನಾನು ಗಳ ಊರುವಷ್ಟರಲ್ಲಿ ದೋಣಿ ಹಿಮ್ಮುಖವಾಗಿ ಹೊರಟೇಬಿಟ್ಟಿತು.

“ಲೇ ಉಚ್ಚಂಗಿ, ಹಿಂದಕ್ಕೆ ಹೋಗ್ತಾ ಐತಲ್ಲೋ!” ಎಂದಳು ಗುಡ್ಡಮ್ಮ.

ಅವನು ಬೆಲ್ಟಿನ ಕಡೆ ನೋಡಿ ಹಣೆ ಹಣೆ ಬಡಿದುಕೊಂಡ. ಗಿರಣಿಯಲ್ಲಿ ಎಂಟು ವರ್ಷ ಬೆಲ್ಟನ್ನು ಕತ್ತರಿಯಂತೆ ಅಡ್ಡ ಹಾಯಿಸಿಯೇ ಹಾಕಿದ ಕೈ. ಇಲ್ಲೂ ಹಾಗೆಯೇ ಹಾಕಿತ್ತು. ಅಡ್ಡ ಹಾಯಿಸಿದರೆ ಗಾಲಿ ತಿರುಗುಮುರುಗು ತಿರುಗುತ್ತದೆ. ನೆಟ್ಟಗೆ ಹಾಕಲು ಬೆಲ್ಟು ಉದ್ದವಾಗುತ್ತದೆ. ಕತ್ತರಿಸಿ ಮತ್ತೆ ಹೊಲಿಯಬೇಕು, ಒಂದು ತಾಸಿನ ಕೆಲಸ. ಅಷ್ಟರಲ್ಲಿ ಬಿಸಿಲೇರಿರುತ್ತದೆ.

“ಅತ್ತೆ, ತಪ್ಪಾತು,” ಎಂದ. ಅವನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

“ಗದ್ದಿ ಯಾವ ಕಡೀಗೈತೆ?”

“ನಿನ್ನ ಬೆನ್ನ ಹಿಂದೆ.”

“ದೋಣಿ ಯಾವ ಕಡೀಗೆ ಹೋಗ್ತತೆ?”

“ಅಲ್ಲಿಗೇ.”

“ಮತ್ತೆ ಯಾಕಲೇ ಅಳ್ತೀ? ಹೊಡಿ.”

ಹೊಡೆದ. ಹಿಮ್ಮುಖ ಹೋಗುವಾಗ ಚುಕ್ಕಾಣಿ ಮಾತು ಕೇಳುತ್ತಿರಲಿಲ್ಲ. ನೀರು ಆಳವಿಲ್ಲದ ಕಡೆ ನಾನು ಗಳದಿಂದ ನೂಕಿ ದಾರಿ ತಿದ್ದಿದೆ. ಆಳವಿರುವ ಕಡೆ ದೇವರು ತಿದ್ದಿದ. ಬಿಸಿಲು ತೆನೆ ಮುಟ್ಟುವ ಮೊದಲು ಗುಡ್ಡಮ್ಮ ಬದುವಿನ ಮೇಲೆ ಕೂತಿದ್ದಳು. ಇಷ್ಟು ವರ್ಷದ ಮಾತೆಲ್ಲ ಗದ್ದೆಯೊಡನೆ ಆಡಿದಳು. “ಉಣ್ಣು ತಾಯಿ, ಈ ಸಲ ನಾನೇ ಬಂದೀನಿ” ಎಂದು ಚರಗ ಚೆಲ್ಲಿದಳು. ಉಚ್ಚಂಗಪ್ಪ ಬೇರೆ ಕಡೆ ತಿರುಗಿ ನಟ್ಟು ಬಿಗಿಯುವ ಪಾನಾ ಒರೆಸುತ್ತಾ ನಿಂತಿದ್ದ. ಅದು ಒರೆಸುವಷ್ಟು ಕೊಳೆಯಾಗಿರಲಿಲ್ಲ.

ವಾಪಸಾದಾಗ ತೋಟಪ್ಪ ತಗಾದೆ ತೆಗೆದ. “ಹಿಂದಕ್ಕೆ ಹೋಗಿದ್ದು ಲೆಕ್ಕಕ್ಕಿಲ್ಲ.” ಗುಡ್ಡಮ್ಮನೇ ತೀರ್ಪು ಕೊಟ್ಟಳು: “ನೀನೂ ಕುರಿ ಹಿಂದೇ ತಾನೆ ಹೋಗೋದು? ಕಾಯಿ ಹೋಗು.”

ಬೆಲ್ಟನ್ನು ಸರಿಮಾಡಲು ಆಮೇಲೆ ಬೇಕಾದಷ್ಟು ದಿನಗಳಿದ್ದವು. ಅತ್ತೆ ಬಿಡಲಿಲ್ಲ. “ಹೋಗ್ತಾ ಮನಿ ಕಾಣ್ತಾ ಇರ್ತತೆ. ಚಂದ ಐತೆ,” ಎಂದಳು. ಈ ವರ್ಷ ಶ್ರಾವಣದಲ್ಲಿ ಉಚ್ಚಂಗಪ್ಪನಿಗೆ ಜ್ವರ ಬಂತು. ಐದು ದಿನ, ಅಷ್ಟೇ. ಅವನಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಅಂದಿನಿಂದ ಅವನ ಕುರಿಗಳನ್ನು ತೋಟಪ್ಪನೇ ಕಾಯುತ್ತಿದ್ದಾನೆ. ಯಾರೂ ಹೇಳಿಲ್ಲ. ವಾರ ಮುಗಿದದ್ದೂ ಅವನಿಗೆ ನೆನಪಿಲ್ಲ.

ಮೊನ್ನೆ ಭೂಮಿ ಹುಣ್ಣಿಮೆ. ಗುಡ್ಡಮ್ಮ ಹೇಳಿ ಕಳಿಸಿದ್ದಳು: “ಮೇಷ್ಟ್ರಿಗೆ ಹ್ಯಾಂಡಲ್ ತಿರುವಕ್ಕೆ ಬರ್ತತೇನು, ಕೇಳ್ರಿ.” ಹಿಂದಿನ ದಿನವೇ ಹೋಗಿ ಒರೆಸಿ, ಎಣ್ಣೆ ಹಾಕಿ, ದಾರ, ದಬ್ಬಳ ತೆಗೆದುಕೊಂಡು ಬೆಲ್ಟಿನ ಮುಂದೆ ಕೂತೆ. ನೆಟ್ಟಗೆ ಮಾಡುವುದು ಹೇಗೆಂದು ಅವನು ನನಗೆ ತೋರಿಸಿಕೊಟ್ಟಿದ್ದ. ಬಹಳ ಹೊತ್ತು ಕೂತಿದ್ದು ಎದ್ದು ಬಂದೆ.

ಬೆಳಿಗ್ಗೆ ಬುಟ್ಟಿಯೊಡನೆ ಗುಡ್ಡಮ್ಮ ಒಬ್ಬಳೇ ಹತ್ತಿದಳು. ಗಂಡ ಹೋಗಿ ವರ್ಷ ಕಳೆಯದ ಶೇಷಮ್ಮ ಚರಗಕ್ಕೆ ಬರುವಂತಿಲ್ಲವೆಂದು ದಡದಲ್ಲೇ ನಿಂತಳು. ನನ್ನ ಕೈಗೆ ಇಂಜಿನ್ ಎರಡು ಸಲ ಒದ್ದು, ಇಪ್ಪತ್ತನೆಯ ಸುತ್ತಿಗೆ ಹತ್ತಿಕೊಂಡಿತು. ಹಿಮ್ಮುಖ ಹೊರಟೆವು. ಗುಡ್ಡಮ್ಮ ಮಗಳ ಮೇಲಿನ ಕಣ್ಣು ತೆಗೆಯಲಿಲ್ಲ.

ನಡುನೀರಿನಲ್ಲಿ ಕೇಳಿದೆ, “ತಿರುಗಿ ಕೂತ್ಕೊಳ್ತೀಯೇನಜ್ಜಿ? ಗದ್ದೆ ಹತ್ರ ಬಂತು.”

“ಗದ್ದಿ ಎಲ್ಲಿಗೂ ಹೋಗಲ್ಲ,” ಎಂದಳು. “ಇವಳು ಇನ್ನೂ ಕಾಣ್ತಾಳೆ. ನೀವು ಹೊಡೀರಿ.”